ಸಿಗರೇಟ್ ಬಿಟ್ಟಾಯ್ತು, ಈಗ ನಿಧಾನ ಓಡಿ

(ವಿರಾಜಪೇಟೆ ಹತ್ರ ಒಂದು ಶಾಲೆ ಹಾಲ್‌ನಲ್ಲಿ ಮಾತಾಡಿದ್ದು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಮಾತಾಡಿದ ಹಾಗೇ ಬರ್ದಿದೀನಿ, ಮಧ್ಯದಲ್ಲಿ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ರಿಗೂ ನಮಸ್ಕಾರ. ಮೈಕ್ ಬೇಡ ಅನ್ಸತ್ತೆ, ಪಿಟಿ ಮೇಷ್ಟ್ರ ಗಂಟಲು ಇದು, ಗ್ರೌಂಡಿನ ಆ ಕಡೆ ಗೋಲ್‌ಪೋಸ್ಟ್ ತನಕ ಕೇಳತ್ತೆ. ಹಿಂದೆ ಬಾಗಿಲ ಹತ್ರ ನಿಂತಿರೋರು ದಯವಿಟ್ಟು ಮುಂದೆ ಬಂದು ಕೂತ್ಕೊಳ್ಳಿ. ಯಾಕೆ ಅಲ್ಲೇ ನಿಂತಿದೀರ ಅಂತ ನಂಗೊತ್ತು, ನಾನೂ ಎಷ್ಟೋ ವರ್ಷ ಮದ್ವೆ ಮನೆ, ಮೀಟಿಂಗ್, ಎಲ್ಲಾ ಕಡೆ ಬಾಗಿಲ ಹತ್ರಾನೇ ನಿಂತೋನು.

ಇವತ್ತಿನ ವಿಷಯ ಸಿಗರೇಟ್ ಬಿಡೋದು ಹೇಗೆ ಅಂತಲ್ಲ, ಅದನ್ನ ಹೇಳೋಕೆ ಡಾಕ್ಟ್ರಿದಾರೆ, ಪ್ಯಾಕೆಟ್ ಮೇಲೆ ಫೋಟೋ ಇದೆ, ಮನೇಲಿ ಹೆಂಡ್ತಿ ಇದಾರೆ. ಬಿಟ್ಟ ಮೇಲೆ ಮತ್ತೆ ಓಡೋಕೆ ಶುರು ಮಾಡ್ತಾರಲ್ಲ, ಅವರ ಬಗ್ಗೆ ಮಾತು. ಯಾಕಂದ್ರೆ ಈ ಜನ ಕೊಡಗಲ್ಲಿ ಜಾಸ್ತಿ ಸಿಗ್ತಾರೆ. ಬೇರೆ ಜಿಲ್ಲೆಲಿ ನಲವತ್ತು ದಾಟಿದ ಗಂಡಸು ಓಡ್ತಿದಾನೆ ಅಂದ್ರೆ ಒಂದೋ ನಾಯಿ ಅಟ್ಟಿಸ್ಕೊಂಡ್ ಬಂದಿದೆ, ಇಲ್ಲಾ ಬಸ್ ಮಿಸ್ ಆಗ್ತಿದೆ. ಇಲ್ಲಿ ಹಾಗಲ್ಲ, ಏಪ್ರಿಲ್ ಬಂತು ಅಂದ್ರೆ ಕುಟುಂಬದ ಹಾಕಿ ಇದೆ, ಕೊಡವ ಮನೆತನಗಳು ಒಂದೊಂದು ಟೀಮ್ ಕಟ್ಕೊಂಡು ಆಡೋ ಟೂರ್ನಮೆಂಟು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ್ದು, 2024ರಲ್ಲಿ ನಾಪೋಕ್ಲಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360 ಟೀಮ್ ಇತ್ತು. 360 ಟೀಮ್ ಅಂದ್ರೆ ಎಲ್ರೂ ಹದಿನೆಂಟು ವರ್ಷದ ಹುಡುಗ್ರಾ? ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರೋನು, ರಿಟೈರ್ ಆಗಿ ಬಂದ ಹವಾಲ್ದಾರು, ತೋಟ ನೋಡ್ಕೊಳ್ಳೋ ಅಣ್ಣ, ಅವರ ಮಗಳು, ಎಲ್ರೂ ಸ್ಟಿಕ್ ಹಿಡೀತಾರೆ. ಅದರಲ್ಲಿ ಎಷ್ಟು ಜನ ಫೆಬ್ರವರಿ ತನಕ ಸೇದ್ತಿದ್ದು, ಈ ಸಲ ಒಕ್ಕದ, ಅಂದ್ರೆ ಮನೆತನದ, ಮರ್ಯಾದೆ ಪ್ರಶ್ನೆ ಅಂತ ಬಿಟ್ಟು, ಮಾರ್ಚ್‌ನಲ್ಲಿ ಗ್ರೌಂಡಿಗೆ ಇಳೀತಾರೆ ಅನ್ನೋದು ಪಕ್ಕದಲ್ಲಿ ನಿಂತು ವಿಸಿಲ್ ಊದೋ ನಮ್ಮಂಥೋರಿಗೆ ಗೊತ್ತು. ಹಾಕಿ ಇಲ್ಲದ ಮನೆಯೋರೂ ಇದಾರೆ ಬಿಡಿ, ಕ್ರಿಕೆಟ್ ಆಡೋರು, ಸುಮ್ನೆ ಹೊಟ್ಟೆ ಕರಗಿಸೋಕೆ ಬರೋರು, ಪೊಲೀಸ್ ಫಿಸಿಕಲ್‌ಗೆ ರೆಡಿ ಆಗೋ ಹುಡುಗ್ರು. ಎಲ್ರಿಗೂ ಲೆಕ್ಕ ಒಂದೇ.

ಇವರೆಲ್ಲ ನನ್ನ ಹತ್ರ ಕೇಳೋ ಮೊದಲನೇ ಪ್ರಶ್ನೆ ಏನ್ ಗೊತ್ತಾ, ಮೇಷ್ಟ್ರೇ ಸೇದ್ತಿದ್ದಾಗ ಕೆಮ್ಮಿರ್ಲಿಲ್ಲ, ಬಿಟ್ಟ ಮೇಲೆ ಕೆಮ್ಮು ಬಂದಿದೆ, ಇದೇನು ಕರ್ಮ ಅಂತ. ಕರ್ಮ ಅಲ್ಲ ಅದು. ನಮ್ಮ ಉಸಿರಿನ ಕೊಳವೆ ಒಳಗಡೆ ಸಣ್ಣ ಸಣ್ಣ ರೋಮ ಇರತ್ತೆ, ಕಣ್ಣಿಗೆ ಕಾಣಲ್ಲ, ಧೂಳು ಕಫ ಎಲ್ಲ ಮೇಲಕ್ಕೆ ತಳ್ಳೋದು ಅದರ ಕೆಲಸ. ಹೊಗೆ ಕುಡಿದು ಕುಡಿದು ಅದು ಸುಸ್ತಾಗಿ ಮಲಗಿರತ್ತೆ. ಬಿಟ್ಟ ಮೇಲೆ ದಿನ ಕಳೆದ ಹಾಗೆ ಎದ್ದು ಕೆಲಸ ಶುರು ಮಾಡತ್ತೆ, ಒಳಗೆ ಕೂತಿದ್ದ ಕಫ ಎಲ್ಲ ಮೇಲೆ ಬರತ್ತೆ, ನೀವು ಕೆಮ್ತೀರ, ಓಡಿದ್ರೆ ಇನ್ನೂ ಜಾಸ್ತಿ ಕೆಮ್ತೀರ. ಕೆಲವು ವಾರ ಹೀಗಿರತ್ತೆ, ಆಮೇಲೆ ಕಮ್ಮಿಯಾಗ್ತಾ ಹೋಗತ್ತೆ. ವಿಶ್ವ ಆರೋಗ್ಯ ಸಂಸ್ಥೆಯವರು ಹೇಳೋ ಲೆಕ್ಕ ನೋಡಿದ್ರೆ ಕೆಮ್ಮು ಮತ್ತೆ ಏದುಸಿರು ಇಳಿಯೋಕೆ 1ರಿಂದ 9 ತಿಂಗಳು. ಆದ್ರೆ ಕಫದಲ್ಲಿ ರಕ್ತ ಕಂಡ್ರೆ, ಅಥವಾ ಎರಡು ವಾರ ಆದ್ರೂ ಕೆಮ್ಮು ಒಂಚೂರೂ ಇಳೀದೆ ಜ್ವರ, ತೂಕ ಇಳಿಯೋದು ಇದ್ರೆ ಅದನ್ನ ರೋಮದ ತಲೆಗೆ ಕಟ್ಬೇಡಿ, ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ.

ಉಸಿರಿನ ವಿಷಯದಲ್ಲಿ ಒಳ್ಳೆ ಸುದ್ದಿ ಬೇಗ ಬರತ್ತೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಎಡವಟ್ಟು ಶುರುವಾಗೋದೇ ಇಲ್ಲಿಂದ. ಸಿಗರೇಟ್ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರತ್ತೆ, ಮುಚ್ಚಿದ ಶೆಡ್ಡಲ್ಲಿ ಜೀಪ್ ಸ್ಟಾರ್ಟ್ ಮಾಡಿ ಇಟ್ರೆ ಜನ ಸಾಯ್ತಾರಲ್ಲ, ಅದೇ ಗ್ಯಾಸ್. ನಮ್ಮ ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಈ ಗ್ಯಾಸ್ ಮೇಲೆ 200 ಪಟ್ಟಿಗೂ ಜಾಸ್ತಿ ಪ್ರೀತಿ. ಹಿಡ್ಕೊಂಡ್ರೆ ಬಿಡಲ್ಲ. ಜಾಸ್ತಿ ಸೇದೋರ ರಕ್ತದಲ್ಲಿ 5ರಿಂದ 10 ಪರ್ಸೆಂಟ್ ತನಕ ಹಿಮೋಗ್ಲೋಬಿನ್ ಹೀಗೆ ಸಿಕ್ಕಾಕ್ಕೊಂಡಿರತ್ತೆ, ಅಂದ್ರೆ ಅಷ್ಟು ಭಾಗ ಆಕ್ಸಿಜನ್ ಹೊರೋ ಕೆಲಸಕ್ಕೆ ಇಲ್ವೇ ಇಲ್ಲ. ಅದರ ಮೇಲೆ ನಿಕೋಟಿನ್ ಬೇರೆ ಎದೆಬಡಿತ ಏರಿಸಿರತ್ತೆ. ಈಗ ಬಿಟ್ರಿ ಅಂತಿಟ್ಕೊಳ್ಳಿ, ಕೊನೇ ಸಿಗರೇಟ್ ಆರಿಸಿ 20 ನಿಮಿಷಕ್ಕೆ ಎದೆಬಡಿತ ಇಳಿಯೋಕೆ ಶುರು, ಒಂದು ದಿನದೊಳಗೆ ಆ ಗ್ಯಾಸ್ ಹೆಚ್ಚುಕಮ್ಮಿ ಪೂರ್ತಿ ಹೊರಗೆ. 2ರಿಂದ 12 ವಾರದಲ್ಲಿ ರಕ್ತ ಓಡಾಟ, ಶ್ವಾಸಕೋಶದ ಕೆಲಸ ಎರಡೂ ಸುಧಾರಿಸತ್ತೆ. ಹಾಗಾಗಿ ಬಿಟ್ಟು ಮೂರ್ನಾಲ್ಕು ವಾರಕ್ಕೆ ಮಡಿಕೇರಿ ಕೋಟೆ ಹತ್ರದ ಏರು ಹತ್ತಿದೋನು, ಅರೆ, ನಂಗೇನೂ ಆಗ್ಲೇ ಇಲ್ವಲ್ಲ ಅಂತಾನೆ. ನಿಜಾನೇ, ಅವನಿಗೆ ಉಸಿರು ಬಂದಿದೆ.

ಕಾಲು ಬಂದಿಲ್ಲ.

ಇವತ್ತು ನಾನು ಇಲ್ಲಿಗೆ ಬಂದಿದ್ದೇ ಈ ಮಾತು ಹೇಳೋಕೆ. ಹೃದಯ ಶ್ವಾಸಕೋಶ ವಾರಗಳ ಲೆಕ್ಕದಲ್ಲಿ ಸುಧಾರಿಸತ್ತೆ, ಮಾಂಸಖಂಡ ಅದರ ಹಿಂದೆ, ಹಿಮ್ಮಡಿ ಹಿಂದಿನ ದಪ್ಪ ನರ ಅಂತೀವಲ್ಲ, ಡಾಕ್ಟ್ರು ಟೆಂಡನ್ ಅಂತಾರೆ, ಅದು ಮತ್ತೆ ಎಲುಬು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಅದರಲ್ಲೂ ವರ್ಷಗಟ್ಟಲೆ ಸೇದಿದ ಮೈಯಲ್ಲಿ ಎಲುಬು ಸವೆದಿರತ್ತೆ, ಪೆಟ್ಟಾದ್ರೆ ಕೂಡಿಕೊಳ್ಳೋದೂ ನಿಧಾನ. ಸೇದ್ತಿದ್ದಾಗ ಏನಾಗ್ತಿತ್ತು ಅಂದ್ರೆ ಉಸಿರೇ ಮೊದಲು ಕೈಕೊಡ್ತಿತ್ತು, ಎರಡು ರೌಂಡಿಗೆ ಕೂತ್ಬಿಡ್ತಿದ್ರಿ, ಕಾಲಿಗೆ ಪೆಟ್ಟಾಗೋ ಅಷ್ಟು ಓಡ್ತಾನೇ ಇರ್ಲಿಲ್ಲ. ಈಗ ಉಸಿರು ತಡೆಯಲ್ಲ, ನಡಿ ನಡಿ ಅನ್ನತ್ತೆ, ನೀವು ಹೋಗ್ತೀರ, ಎರಡು ವಾರಕ್ಕೆ ಮೊಳಕಾಲಿನ ಕೆಳಗೆ ಮುಂದಿನ ಎಲುಬು ಒಳಗೊಳಗೇ ನೋಯತ್ತೆ, ಇಲ್ಲಾ ಬೆಳಿಗ್ಗೆ ಎದ್ದು ಕಾಲಿಟ್ರೆ ಹಿಮ್ಮಡಿ ಚುಳ್ ಅನ್ನತ್ತೆ. ಆಗ ಓಡೋದು ನಿಲ್ಲಿಸ್ತೀರ. ಸಾಯಂಕಾಲ ಮಾಡೋಕೆ ಏನೂ ಕೆಲ್ಸ ಇಲ್ಲ, ಮೂಡು ಹಾಳು, ಕಾಲು ಮೇಲಿಟ್ಕೊಂಡು ಕೂತಿರೋವಾಗ ಯಾರೋ ಪ್ಯಾಕೆಟ್ ತೆಗೀತಾರೆ. ಮತ್ತೆ ಸಿಗರೇಟ್ ಹಿಡಿದೋರ ಕಥೆ ಕೇಳಿದ್ರೆ ಇದೇ ಜಾಸ್ತಿ, ಟೆನ್ಷನ್‌ಗಿಂತ ಕಾಲುನೋವಿಂದ ವಾಪಸ್ ಹೋದೋರನ್ನ ನಾನು ಜಾಸ್ತಿ ನೋಡಿದೀನಿ. ಮಾರ್ಚಲ್ಲಿ ಮಳೆ ಬಿದ್ದು ಕಾಫಿ ತೋಟ ಎಲ್ಲ ಹೂವಾಗಿ ಬೆಳ್ಳಗಾದ ಕೂಡ್ಲೆ ಯಾರೂ ಕುಯ್ಲಿಗೆ ಆಳು ಕರೆಸಲ್ಲ, ಡಿಸೆಂಬರ್ ತನಕ ಕಾಯ್ತೀವಿ, ಕಾಲಿಗೂ ಅಷ್ಟೇ ತಾಳ್ಮೆ ಬೇಕು.

ಹಾಗಾದ್ರೆ ಎಷ್ಟು ನಿಧಾನ? ನಾಚಿಕೆ ಆಗೋ ಅಷ್ಟು ನಿಧಾನ. ಪಕ್ಕದೋನ ಜೊತೆ ಕಾಫಿ ರೇಟು, ಕಾಳುಮೆಣಸಿನ ರೇಟು ಮಾತಾಡ್ತಾ ಓಡೋಕಾಗ್ಬೇಕು, ವಾಕ್ಯ ಪೂರ್ತಿಯಾಗ್ಬೇಕು, ಮಧ್ಯದಲ್ಲಿ ಕಟ್ಟಾದ್ರೆ ಸ್ಪೀಡ್ ಜಾಸ್ತಿ ಅಂತರ್ಥ. ವಾಚು ಆ್ಯಪು ಇದ್ರೆ ಇರ್ಲಿ, ಮೊದಲ ಎರಡು ತಿಂಗಳು ಅದನ್ನ ನೋಡ್ಬೇಡಿ. ಶುರುವಲ್ಲಿ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಎಂಟ್ಹತ್ತು ಸಲ, ಅರ್ಧ ಗಂಟೆ ಒಳಗೆ ಮುಗೀತು, ಮನೆಗ್ಹೋಗಿ. ವಾರಕ್ಕೆ ಮೂರು ದಿನ ಸಾಕು, ಎರಡು ಓಟದ ಮಧ್ಯ ಒಂದು ದಿನ ಗ್ಯಾಪ್ ಇರ್ಲೇಬೇಕು. ಆರಾಮಾಗಿದೆ ಅನ್ಸಿದ್ರೆ ಓಟದ ನಿಮಿಷ ಸ್ವಲ್ಪ ಜಾಸ್ತಿ ಮಾಡಿ, ನಡಿಗೆ ಕಮ್ಮಿ ಮಾಡಿ, ಆದ್ರೆ ಸ್ಪೀಡ್ ಮುಟ್ಬೇಡಿ. ಮಾಜಿ ಸೈನಿಕರಿಗೆ ಇದು ಬಾಳ ಕಷ್ಟ, ನಡೆಯೋದು ಅಂದ್ರೆ ಅವರಿಗೆ ಸೋತ ಹಾಗೆ. ಇಪ್ಪತ್ತೆರಡನೇ ವಯಸ್ಸಲ್ಲಿ ಬೂಟ್ ಹಾಕ್ಕೊಂಡು ಐದು ಕಿಲೋಮೀಟರ್ ಓಡಿದ ಟೈಮಿಂಗ್ ಇನ್ನೂ ನೆನಪಲ್ಲಿ ಇಟ್ಕೊಂಡಿರ್ತಾರೆ, ಹೆಂಡ್ತಿ ಬರ್ತ್‌ಡೇ ನೆನಪಿರಲ್ಲ, ಅದು ನೆನಪಿರತ್ತೆ. ಸಾರ್, ಆ ಟೈಮಿಂಗ್ ಓಡಿದ ಕಾಲು ಬೇರೆ, ಇದು ಬೇರೆ.

ಇನ್ನು ನಮ್ಮ ಜಾಗದ ಕಷ್ಟ. ಕೊಡಗಲ್ಲಿ ಮಟ್ಟಸ ರಸ್ತೆ ಎಲ್ಲಿದೆ ಹೇಳಿ? ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಆ ಎತ್ತರಕ್ಕೆ ಗಾಳಿ ಏನೂ ಅಷ್ಟು ತೆಳ್ಳಗಾಗಲ್ಲ, ಅದಕ್ಕೆ ಹೆದರ್ಬೇಡಿ. ಹೆದರ್ಬೇಕಾಗಿದ್ದು ಇಳಿಜಾರಿಗೆ. ಏರಲ್ಲಿ ಉಸಿರು ಹೋಗತ್ತೆ, ನೀವೇ ನಿಲ್ತೀರ. ಇಳಿಜಾರಲ್ಲಿ ಉಸಿರು ಆರಾಮ, ಮೈಭಾರ ಅಷ್ಟೂ ಮಂಡಿ ಮೇಲೆ, ತೊಡೆ ಮೇಲೆ ಬೀಳತ್ತೆ, ಮಾರನೇ ದಿನ ಮೆಟ್ಟಿಲಿಳಿಯೋಕೆ ಆಗಲ್ಲ. ಅದಕ್ಕೆ ಇಳಿಜಾರು ಬಂದ್ರೆ ನಡೀರಿ. ಏರೂ ನಡೀರಿ. ಓಡೋಕೆ ಶಾಲೆ ಗ್ರೌಂಡ್ ಅಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ, ನಮ್ಮ ಜಿಲ್ಲೆಲಿ ಗ್ರೌಂಡಿಗೇನೂ ಬರ ಇಲ್ಲ. ತೋಟ ಇರೋರಿಗೆ ಕಾಫಿ ಕಣ ಇದೆ, ಡಿಸೆಂಬರಿಂದ ಫೆಬ್ರವರಿ ಮಾರ್ಚ್ ತನಕ ಅಲ್ಲಿ ಕಾಫಿ ಹರಡಿರತ್ತೆ, ಕಾಲಿಟ್ರೆ ತೋಟದ ಲೆಕ್ಕ ನೋಡೋ ರೈಟರ್ ಬೈತಾನೆ, ಅದು ಬಿಟ್ರೆ ಖಾಲಿ ಬಿದ್ದಿರತ್ತೆ. ಸಿಮೆಂಟ್ ಕಣ ಗಟ್ಟಿ, ದಿನಾ ಓಡೋಕಲ್ಲ, ಆದ್ರೂ ಮಟ್ಟಸ. ಜೂನ್ ಆದ್ಮೇಲೆ ಮಾತ್ರ ಹೋಗ್ಬೇಡಿ, ಪಾಚಿ ಕಟ್ಟಿರತ್ತೆ, ಸೊಂಟ ಮುರ್ಕೊಳ್ತೀರ.

ಮಳೆಗಾಲದ ಮೂರು ತಿಂಗಳು ಏನ್ ಮಾಡೋದು ಅಂತ ಯಾವಾಗ್ಲೂ ಕೇಳ್ತಾರೆ. ಭಾಗಮಂಡಲ ಕಡೆಯೋರಿಗೆ ಛತ್ರಿ ಹಿಡ್ಕೊಂಡು ಓಡಿ ಅಂತ ಹೇಳೋಕಾಗತ್ತಾ? ಜಗಲೀಲಿ ನಿಂತಲ್ಲೇ ಹೆಜ್ಜೆ ಹಾಕಿ, ಮೆಟ್ಟಿಲು ಹತ್ತಿ ಇಳೀರಿ, ಹಿಮ್ಮಡಿ ಎತ್ತಿ ಇಳಿಸೋ ವ್ಯಾಯಾಮ ಮಾಡಿ. ಮೆಟ್ಟಿಲ ಅಂಚಲ್ಲಿ ಮುಂಗಾಲು ಇಟ್ಟು ಹಿಮ್ಮಡಿ ನಿಧಾನಕ್ಕೆ ಕೆಳಗಿಳಿಸೋದು, ಮತ್ತೆ ಎತ್ತೋದು, ಅದೇ. ನಿಜ ಹೇಳ್ಬೇಕಂದ್ರೆ ಮಳೆ ಶುರುವಾಗೋ ಹೊತ್ತಿಗೆ ಸಿಗರೇಟ್ ಬಿಟ್ಟೋರು ಪುಣ್ಯವಂತ್ರು, ಓಡೋಕೆ ಆಗಲ್ಲ, ಕಾಲು ಗಟ್ಟಿ ಮಾಡ್ಕೊಳ್ಳೋಕೆ ಟೈಮ್ ಸಿಗತ್ತೆ, ಕೈಲ್‌ಪೋದ್ ಹಬ್ಬ ಮುಗಿಸಿ ಸೆಪ್ಟೆಂಬರ್ ಕೊನೇಗೆ ಹೊರಗೆ ಬಂದ್ರೆ ಏಪ್ರಿಲ್ ಹಾಕಿಗೆ ಆರು ತಿಂಗಳು ಕೈಯಲ್ಲಿರತ್ತೆ. ಫೆಬ್ರವರಿಲಿ ಬಿಟ್ಟು ಏಪ್ರಿಲ್‌ಗೆ ಸೆಂಟರ್ ಫಾರ್ವರ್ಡ್ ಆಡ್ತೀನಿ ಅನ್ನೋನಿಗೆ ನಾನು ಹೇಳೋದಿಷ್ಟೇ, ಈ ವರ್ಷ ಗೋಲ್ ಕೀಪರ್ ಆಗಪ್ಪ.

ಬೆಳಗಿನ ಜಾವದ ಹುಚ್ಚು ಒಂದಿದೆ, ಐದು ಗಂಟೆಗೆ ಎದ್ದು ಓಡಿದ್ರೇನೇ ಓಟ ಅಂತ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯೋರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಆ ಹೊತ್ತಿಗೆ ರಸ್ತೆ ಯಾರದ್ದು ಅಂತ. ಆನೆ ತೋಟದಿಂದ ಕಾಡಿಗೆ ವಾಪಸ್ ಹೋಗೋ ಟೈಮ್ ಅದು, ಮಂಜಲ್ಲಿ ಹತ್ತಡಿ ದೂರ ಇದ್ರೂ ಕಾಣಲ್ಲ, ಕಿವಿಗೆ ಇಯರ್‌ಫೋನ್ ಬೇರೆ. ಪೂರ್ತಿ ಬೆಳಕಾಗ್ಲಿ, ಆನೆ ಎಲ್ಲಿದೆ ಅಂತ ಫಾರೆಸ್ಟ್‌ನೋರು ಕಳಿಸೋ ಮೆಸೇಜ್ ನೋಡಿ, ಆಮೇಲೆ ಹೊರಡಿ. ಇನ್ನೊಂದು ಕಾರಣಾನೂ ಇದೆ, ಡಿಸೆಂಬರ್ ಜನವರಿ ಬೆಳಗಿನ ತಣ್ಣನೆ ಗಾಳಿ ಈಗಷ್ಟೇ ಸಿಗರೇಟ್ ಬಿಟ್ಟೋರ ಉಸಿರಿನ ಕೊಳವೆನ ಬಿಗಿ ಮಾಡತ್ತೆ, ಎದೇಲಿ ಸುಯ್ ಸುಯ್ ಅನ್ನತ್ತೆ. ಮೊದಲು ಹತ್ತು ನಿಮಿಷ ನಡೆದು ಮೈ ಬಿಸಿ ಮಾಡ್ಕೊಳ್ಳಿ, ಮೂಗು ಬಾಯಿಗೆ ಒಂದು ಮಫ್ಲರ್ ಸುತ್ಕೊಳ್ಳಿ. ಆದ್ರೂ ಸುಯ್ ಅಂದ್ರೆ ಅದು ಆಸ್ತಮಾನೋ, ಇಲ್ಲಾ ಸೇದೋರಿಗೆ ಜಾಸ್ತಿ ಬರೋ ಸಿಒಪಿಡಿ ಅನ್ನೋ ಶ್ವಾಸಕೋಶದ ಕಾಯಿಲೆನೋ ಅಂತ ಊದಿಸಿ ನೋಡ್ತಾರೆ, ಸ್ಪೈರೋಮೆಟ್ರಿ ಅಂತ ಟೆಸ್ಟು, ಒಂದ್ಸಲ ಮಾಡಿಸ್ಕೊಳ್ಳಿ.

ಅದನ್ನ ಹೇಳ್ತಾ ಇರೋವಾಗ ಕಹಿ ಮಾತೂ ಹೇಳ್ಬಿಡ್ತೀನಿ. ಹೋಗಿದ್ದೆಲ್ಲ ವಾಪಸ್ ಬರಲ್ಲ. ಸೇದದೇ ಇರೋರಿಗೂ ವಯಸ್ಸಾದ ಹಾಗೆ ಊದೋ ಶಕ್ತಿ ವರ್ಷಕ್ಕೆ 25-30 ಮಿಲಿಲೀಟರ್ ಕಮ್ಮಿ ಆಗ್ತಾ ಹೋಗತ್ತೆ, ಸೇದೋರಲ್ಲಿ ಕೆಲವರಿಗೆ ಅದರ ಎರಡು ಪಟ್ಟು ಬೇಗ. ಬಿಟ್ರೆ ಇಳಿಯೋ ಸ್ಪೀಡ್ ಮಾಮೂಲಿಗೆ ಬರತ್ತೆ, ಆದ್ರೆ ಇಳಿದಿದ್ದು ಪೂರ್ತಿ ಏರಲ್ಲ, ಶ್ವಾಸಕೋಶದ ಗಾಳಿ ಚೀಲಗಳು ಒಡೆದು ಹೋಗಿದ್ರೆ ಅವು ಹೊಸದಾಗಿ ಹುಟ್ಟಲ್ಲ. ಹಾಗಂತ ಓಟ ಆಗಲ್ಲ ಅಂತಲ್ಲ. ಓಡೋದು ಬರೀ ಶ್ವಾಸಕೋಶದ ಕೆಲಸ ಅಲ್ಲ, ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳತ್ತೆ, ಕಾಲಿನ ಖಂಡ ಬಂದ ಆಕ್ಸಿಜನ್ನ ಎಷ್ಟು ಚೆನ್ನಾಗಿ ಬಳಸ್ಕೊಳತ್ತೆ, ಇವೆರಡೂ ಟ್ರೇನಿಂಗ್‌ನಿಂದ ಯಾವ ವಯಸ್ಸಲ್ಲೂ ಏರತ್ತೆ. ಅದಕ್ಕೇ ಐವತ್ತೈದರಲ್ಲಿ ಬಿಟ್ಟೋರೂ ಐದು ಕಿಲೋಮೀಟರ್ ಓಡ್ತಾರೆ.

ಓಡೋಕೆ ಮುಂಚೆ ಯಾರು ಚೆಕಪ್ ಮಾಡಿಸ್ಬೇಕು ಅಂದ್ರೆ, ನಲವತ್ತು ದಾಟಿ ವರ್ಷಗಟ್ಟಲೆ ಸೇದಿದೋರು ಎಲ್ರೂ, ಮತ್ತೆ ಬಿಪಿ, ಶುಗರ್ ಇರೋರು, ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದೋರು. ಬಿಟ್ಟು ಒಂದು ವರ್ಷಕ್ಕೆ ಹೃದಯದ ಕಾಯಿಲೆ ಅಪಾಯ ಸೇದೋರದ್ದರ ಅರ್ಧಕ್ಕೆ ಇಳಿಯತ್ತೆ ಅಂತಾರೆ, ಆ ಅರ್ಧ ಇಳಿಯೋಕೆ ಮುಂಚೆ ನೀವು ಗ್ರೌಂಡಲ್ಲಿ ಸ್ಪ್ರಿಂಟ್ ಹೊಡೀತಿರ್ತೀರ, ಅದನ್ನ ಯೋಚನೆ ಮಾಡಿ. ಓಡೋವಾಗ ಎದೆ ಹಿಂಡಿದ ಹಾಗೆ ಆದ್ರೆ, ಎಡಗೈ, ದವಡೆ ಕಡೆ ನೋವು ಹೋದ್ರೆ, ಕಾರಣ ಇಲ್ದೆ ತಣ್ಣನೆ ಬೆವರು, ಕಣ್ಣು ಕತ್ತಲೆ ಬಂದ್ರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯೋಕೆ ಹೋಗ್ಬೇಡಿ, ಸೀದಾ ಆಸ್ಪತ್ರೆ.

ಕಾಫಿ ವಿಷ್ಯ ಹೇಳಿದ್ರೆ ಇಲ್ಲಿ ಹೊಡೀತಾರೇನೋ, ಆದ್ರೂ ಹೇಳ್ತೀನಿ. ಸಿಗರೇಟ್ ಹೊಗೆಯಿಂದ ಲಿವರ್‌ನಲ್ಲಿ ಕೆಫೀನ್ ಕರಗಿಸೋ ಕೆಲಸ ಜೋರಾಗಿ ನಡೀತಿರತ್ತೆ. ಬಿಟ್ಟ ಮೇಲೆ ಅದು ನಿಧಾನ ಆಗತ್ತೆ, ಹಾಗಾಗಿ ಅಷ್ಟೇ ಲೋಟ ಕುಡಿದ್ರೂ ಮೈಯಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡು ಪಟ್ಟು ಉಳಿಯತ್ತೆ. ರಾತ್ರಿ ನಿದ್ದೆ ಬರಲ್ಲ, ಕೈ ನಡುಗತ್ತೆ, ಎದೆ ಡವಡವ, ಸಿಡುಕು. ಇದೆಲ್ಲ ಸಿಗರೇಟ್ ಬಿಟ್ಟಿದ್ದಕ್ಕೆ ಆಗ್ತಿದೆ, ಒಂದು ಹಚ್ಚಿದ್ರೆ ಸರಿಹೋಗತ್ತೆ ಅಂದ್ಕೊಳ್ತಾರೆ, ಪಾಪ, ಅರ್ಧ ತಪ್ಪು ಕಾಫಿದು. ನಾವು ಬೆಳೆದು ನಾವೇ ಬೈಯೋ ಹಾಗಾಯ್ತು. ಬಿಡಿ ಅಂತ ಹೇಳಲ್ಲ, ನಾನೂ ಬಿಟ್ಟಿಲ್ಲ. ಅರ್ಧ ಮಾಡಿ, ಮಧ್ಯಾಹ್ನದ ಮೇಲೆ ಬೇಡ. ಜೊತೆಗೆ ಕಾಫಿ ಲೋಟ ಹಿಡಿದ ಕೂಡ್ಲೆ ಇನ್ನೊಂದು ಕೈ ಜೇಬಿಗೆ ಹೋಗೋ ಅಭ್ಯಾಸ ಇದೆಯಲ್ಲ, ಅದೂ ಅರ್ಧ ಆಗತ್ತೆ.

ತೂಕ ಏರತ್ತೆ, ಸಾಮಾನ್ಯವಾಗಿ ಮೊದಲ ವರ್ಷ ನಾಲ್ಕೈದು ಕೆಜಿ. ಹಸಿವು ಜಾಸ್ತಿ, ನಾಲಿಗೆಗೆ ರುಚಿ ವಾಪಸ್ ಬಂದಿರತ್ತೆ, ಪಂದಿ ಕರಿ ಕಡಂಬಿಟ್ಟು ಮೊದಲಿಗಿಂತ ರುಚಿ ಅನ್ಸತ್ತೆ. ಅದಕ್ಕೆ ತಲೆ ಕೆಡಿಸ್ಕೊಂಡು ಊಟ ಬಿಟ್ಟು ಓಡ್ಬೇಡಿ. ಎರಡು ಯುದ್ಧ ಒಟ್ಟಿಗೆ ಮಾಡಿದ್ರೆ ಎರಡೂ ಸೋಲ್ತೀರ.

ಓಡಿದ್ರೆ ಸಿಗರೇಟ್ ತಾನಾಗೇ ಬಿಟ್ಟೋಗತ್ತೆ ಅಂತ ಭಾಷಣ ಮಾಡೋರಿದಾರೆ, ನಾನು ಆ ಮಾತು ಹೇಳಲ್ಲ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಓಡ್ತಾ ಓಡ್ತಾನೇ ಸೇದೋರು ಬೇಕಾದಷ್ಟಿದಾರೆ, ಮ್ಯಾಚ್ ಮುಗಿಸಿ ಶಿನ್ ಗಾರ್ಡ್ ಬಿಚ್ಚೋಕೆ ಮುಂಚೆ ಹಚ್ಚೋರು. ಆದ್ರೆ ಚಿಕ್ಕದೊಂದು ಉಪಯೋಗ ಖಂಡಿತ ಇದೆ. ಸೇದ್ಬೇಕು ಅನ್ನೋ ಆಸೆ ಜೋರಾಗಿ ಬಂದಾಗ ಅದು ಕೆಲವೇ ನಿಮಿಷ ಇರತ್ತೆ, ಆ ಹೊತ್ತಲ್ಲಿ ಐದ್ಹತ್ತು ನಿಮಿಷ ಬಿರುಸಾಗಿ ನಡೆದ್ರೆ ಆಸೆ ಇಳಿಯತ್ತೆ, ಇದನ್ನ ಪರೀಕ್ಷೆ ಮಾಡಿ ನೋಡಿದಾರೆ. ಅದಕ್ಕೇ ನಾನು ಹೇಳೋದು, ಓಟದ ದಿನ ಅಂತ ಕಾಯ್ಬೇಡಿ, ಬೈಕ್ ಬಿಟ್ಟು ಅಂಗಡಿಗೆ ನಡೀರಿ, ಆದ್ರೆ ಬೀಡ ಅಂಗಡಿ ಇಲ್ಲದ ದಾರೀಲಿ.

ಪ್ರಶ್ನೆಗಳು ಬಂದ್ವು. ಒಬ್ರು, ತೋಟದಲ್ಲಿ ಮೇಸ್ತ್ರಿ, ಕೇಳಿದ್ರು, ನಾನು ಸೇದೋದು ಬೀಡಿ, ಎಲೆ ಅಲ್ವಾ, ಅದಕ್ಕೂ ಇದೇ ಲೆಕ್ಕಾನಾ ಅಂತ. ಇದೇ ಲೆಕ್ಕ ಅಣ್ಣ, ಇನ್ನೂ ಕೆಟ್ಟದು. ಬೀಡಿ ಆರಿಹೋಗ್ಬಾರ್ದು ಅಂತ ಪದೇ ಪದೇ ಎಳೀತೀವಲ್ಲ, ಕಾರ್ಬನ್ ಮೊನಾಕ್ಸೈಡೂ ಟಾರೂ ಅಷ್ಟೇ ಜಾಸ್ತಿ ಒಳಗೆ ಹೋಗತ್ತೆ. ಚಿಕ್ಕದು ಅಂತ ನಂಬ್ಬೇಡಿ.

ಒಬ್ಬ ಹುಡುಗ ನಿಕೋಟಿನ್ ಗಮ್ ಜಗಿಯೋವಾಗ ಓಡ್ಬಹುದಾ ಅಂದ. ಗಮ್ಮಲ್ಲಿ ಹೊಗೆ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ, ಆ ಲೆಕ್ಕಕ್ಕೆ ಸಿಗರೇಟ್‌ಗಿಂತ ಎಷ್ಟೋ ವಾಸಿ. ಆದ್ರೆ ನಿಕೋಟಿನ್ ಎದೆಬಡಿತ ಏರಿಸತ್ತೆ, ಓಡೋವಾಗ ಬಾಯಲ್ಲಿ ಗಮ್ ಇದ್ರೆ ಗಂಟಲಿಗೂ ಹೋಗ್ಬಹುದು. ಓಟ ಮುಗಿಸಿ ಜಗಿ. ಡೋಸ್ ಎಷ್ಟು, ಎಷ್ಟು ದಿನ ಅನ್ನೋದನ್ನ ಡಾಕ್ಟ್ರ ಹತ್ರ ಕೇಳು, ಇಲ್ಲಾ 1800-11-2356ಕ್ಕೆ ಫೋನ್ ಮಾಡು, ತಂಬಾಕು ಬಿಡೋರಿಗೆ ಕೇಂದ್ರ ಸರ್ಕಾರದ ಸಹಾಯವಾಣಿ, ಫ್ರೀ.

ಕೊನೇಲಿ ಒಬ್ರು ಅಕ್ಕ ಎದ್ರು, ನಮ್ಮ ಯಜಮಾನ್ರು ಬಿಟ್ಟು ಮೂರು ತಿಂಗಳಾಯ್ತು, ಓಡ್ತಾರೆ, ಮೊನ್ನೆ ಮದ್ವೇಲಿ ಒಂದು ಸೇದಿದ್ರಂತೆ, ಈಗ ಎಲ್ಲಾ ವೇಸ್ಟ್ ಆಯ್ತು ಅಂತ ಶೂ ಮೂಲೆಗೆ ಹಾಕಿ ಕೂತಿದಾರೆ, ಏನ್ ಮಾಡ್ಲಿ ಅಂದ್ರು. ಒಂದು ಸಿಗರೇಟಿನ ಗ್ಯಾಸ್ ಮಾರನೇ ದಿನಕ್ಕೆ ರಕ್ತದಿಂದ ಹೋಗಿರತ್ತೆ ಅಕ್ಕ, ಮೂರು ತಿಂಗಳಲ್ಲಿ ಗಟ್ಟಿಯಾದ ಕಾಲು ಎಲ್ಲೂ ಹೋಗಿರಲ್ಲ. ಆದ್ರೆ ಎರಡನೇದು ಬೇಡ, ವಾಪಸ್ ಹೋಗೋದು ಹೀಗೇನೇ. ನೀವೇನೂ ಬೈಯೋಕೆ ಹೋಗ್ಬೇಡಿ, ನಾಳೆ ಸಾಯಂಕಾಲ ಅವರ ಜೊತೆ ನೀವೂ ಗ್ರೌಂಡಿಗೆ ನಡ್ಕೊಂಡ್ ಹೋಗಿ ಅಂದೆ. ಅದಕ್ಕೆ ಆ ಅಕ್ಕ, ನಂಗೆ ಮಂಡಿ ನೋವು ಮೇಷ್ಟ್ರೇ ಅಂದ್ರು. ಎಲ್ರೂ ನಕ್ರು. ಮಂಡಿ ನೋವಿಗೆ ನಡಿಗೆ ಒಳ್ಳೇದೇ ಅಕ್ಕ, ಮಟ್ಟಸ ಜಾಗದಲ್ಲಿ, ಹತ್ತು ನಿಮಿಷದಿಂದ ಶುರು ಮಾಡಿ ಅಂತ ಹೇಳೋ ಅಷ್ಟರಲ್ಲಿ ಹಿಂದಿನಿಂದ ಕಾಫಿ ರೆಡಿ ಅಂತ ಕೂಗಿದ್ರು.